ಲಿಸ್ಬನ್ನಿನಲ್ಲಿ ಸೀಟು ಹಿಡಿದದ್ದು

ಪ್ರವಾಸದ ಮೊದಲ ದಿನ ಕೆಡಬೇಕಾದರೆ ಮಳೆ ಬರಬೇಕು, ಇಲ್ಲವೇ ಮುಷ್ಕರವಾಗಬೇಕು ಎಂದು ನಾನು ತಿಳಿದಿದ್ದೆ. ಅದಾವುದೂ ಬೇಕಿಲ್ಲ, ಮೂವರು ಗೆಳತಿಯರಿದ್ದರೆ ಸಾಕು. ಹೋದ ವರ್ಷ ದೀಪಾವಳಿ ಮುಗಿಸಿಕೊಂಡು ನಾವು ನಾಲ್ವರು ಲಿಸ್ಬನ್ನಿನಲ್ಲಿ ಇಳಿದ ಮರುದಿನ ಆಕಾಶ ತೊಳೆದಿಟ್ಟಂತಿತ್ತು, ಗಾಳಿ ನಮ್ಮೂರಿನ ಮಾಗಿಯ ಬೆಳಗಿನಷ್ಟೇ ತಂಪಾಗಿತ್ತು, ಟ್ರಾಮುಗಳು ಹೊತ್ತಿಗೆ ಸರಿಯಾಗಿ ಓಡುತ್ತಿದ್ದವು. ಆ ನಗರದ ಕಡೆಯಿಂದ ಯಾವ ಕೊರತೆಯೂ ಆಗಲಿಲ್ಲ. ಆದದ್ದೆಲ್ಲ ನಮ್ಮ ಕಡೆಯಿಂದ.

ನಾನು ಬಳ್ಳಾರಿಯ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿ, ಅವಧಿಗೆ ಮುನ್ನವೇ ಕೆಲಸ ಬಿಟ್ಟು, ಈಗ ಪಾರ್ವತಿನಗರದ ಮನೆಯಲ್ಲಿ ಕುಳಿತು ಬೇರೆಯವರ ಬರಹ ತಿದ್ದುವವಳು. ಹೊತ್ತು, ಸಾಲು, ವಿಭಕ್ತಿ, ಇವುಗಳಲ್ಲಿ ಯಾವುದು ತಪ್ಪಿದರೂ ನನಗೆ ಊಟ ರುಚಿಸುವುದಿಲ್ಲ. ಉಳಿದ ಮೂವರು ನನ್ನ ಕಾಲೇಜಿನ ಜೊತೆಗಾತಿಯರು. ಒಬ್ಬಳು ಸಿರುಗುಪ್ಪದವಳು, ಮನೆಯವರದು ಅಕ್ಕಿ ಗಿರಣಿ, ಕನ್ನಡದಲ್ಲಿ ಆರಂಭಿಸಿದ ಮಾತನ್ನು ತೆಲುಗಿನಲ್ಲಿ ಮುಗಿಸುವುದು ಅವಳ ರೂಢಿ. ಇನ್ನೊಬ್ಬಳು ಕುರುಗೋಡಿನ ಸೊಸೆ; ಬಾದನಹಟ್ಟಿಯಲ್ಲಿರುವ ಹೊಲವನ್ನು ತಾನೇ ಮುಂದೆ ನಿಂತು ಮಾಡಿಸುತ್ತಾಳೆ; ಬೆಳಿಗ್ಗೆ ಲಿಂಗಪೂಜೆಯಾಗದೆ ಅವಳ ಗಂಟಲಿಗೆ ಗುಟುಕು ನೀರೂ ಇಳಿಯುವುದಿಲ್ಲ. ಮೂರನೆಯವಳು ಬಳ್ಳಾರಿಯ ಕೌಲ್ ಬಜಾರಿನವಳು. ಗಂಡನೊಂದಿಗೆ ಸೇರಿ ಜೀನ್ಸ್ ಹೊಲಿಯುವ ಘಟಕವೊಂದನ್ನು ಕಟ್ಟಿ ಬೆಳೆಸಿದವಳು. ನಾವು ಅಷ್ಟು ದೂರ ಹೋದದ್ದು ಈ ಮೂರನೆಯವಳಿಗಾಗಿ.

ಅವಳ ಕಣ್ಣುಗಳು ಹೋಗುತ್ತಿವೆ. ಪೊರೆಯಲ್ಲ, ತೆಗೆದುಹಾಕುವಂಥದ್ದಲ್ಲ. ಕಣ್ಣಿನ ಒಳಪರದೆ ಅಂಚಿನಿಂದ ನಡುವಿಗೆ ಸವೆಯುತ್ತ ಬರುವ ಕಾಯಿಲೆ. ನೇರ ಎದುರಿಗಿರುವುದು ಕಾಣುತ್ತದೆ. ಪಕ್ಕದ್ದು, ಕಾಲ ಬುಡದ್ದು ಕಾಣುವುದಿಲ್ಲ. ಕೊಳವೆಯೊಂದಕ್ಕೆ ಕಣ್ಣಿಟ್ಟು ಜಗತ್ತನ್ನು ನೋಡಿದಂತೆ ಎಂದು ಅವಳೇ ಹೇಳುತ್ತಾಳೆ. ಸಂಜೆಯಾಯಿತೆಂದರೆ ಆ ಕೊಳವೆಯೊಳಗೂ ಕತ್ತಲೆ. ಅವಳಿಗೆಂದು ವೈದ್ಯರು ಜೇನುಬಣ್ಣದ ಗಾಜಿನ ಕನ್ನಡಕವೊಂದನ್ನು ಮಾಡಿಸಿಕೊಟ್ಟಿದ್ದಾರೆ. ಕಣ್ಣಿನ ನಂಬರೂ ಅದರಲ್ಲೇ ಇರುವುದರಿಂದ ಅದಿಲ್ಲದಿದ್ದರೆ ಎದುರಿಗಿರುವವರೂ ಅವಳಿಗೆ ಬರಿಯ ಆಕಾರಗಳು. ಇನ್ನೆಷ್ಟು ಕಾಲ ಎಂದು ಕೇಳಿದ್ದಕ್ಕೆ ವೈದ್ಯರು ಲೆಕ್ಕ ಹೇಳದೆ, ನೋಡಬೇಕೆಂದಿರುವುದನ್ನು ಮುಂದಕ್ಕೆ ಹಾಕಬೇಡಿ ಎಂದರಂತೆ.

ಮೆಕ್ಕಾಕ್ಕೆ ಹೋಗಿ ಉಮ್ರಾ ಯಾತ್ರೆ ಮುಗಿಸಿ ಬಂದಿದ್ದಳು. ಇನ್ನೇನು ನೋಡಬೇಕೆಂದಿದ್ದೀಯೆ ಎಂದು ಕೇಳಿದಾಗ ಅವಳು ಫೋನು ತೆಗೆದು ಒಂದು ಗೋಡೆಯನ್ನು ತೋರಿಸಿದಳು. ಲಿಸ್ಬನ್ನಿನ ಗುಡ್ಡದ ಮೇಲಿನ ಹಳೆಯ ಮಠವೊಂದರ ಗೋಡೆ. ನಡುವೆ ತೆರೆದ ಅಂಗಳ, ಸುತ್ತಲೂ ಕಮಾನಿನ ಪಡಸಾಲೆ, ಪಡಸಾಲೆಯುದ್ದಕ್ಕೂ ಬಿಳಿಯ ಟೈಲ್ಸಿನ ಮೇಲೆ ನೀಲಿಯಲ್ಲಿ ಬರೆದ ಚಿತ್ರಗಳು.

“ನಮ್ಮದೇನಲೇ, ಜೀನ್ಸಿಗೆ ಕಲ್ಲು ಹಾಕಿ ತೊಳದು ತೊಳದು ಬಿಳಿ ಮಾಡೋ ನೀಲಿ,” ಎಂದಳು. “ಇಷ್ಟು ವರ್ಷ ಗಾಳಿ ಬಿಸಿಲಿಗೆ ನಿಂತ್ರೂ ಹೋಗದ ನೀಲಿ ಹೆಂಗಿರ್ತೈತಿ, ಒಮ್ಮೆ ನೋಡಬೇಕು.”

ಲಿಸ್ಬನ್ನಿಗಾಗಿ ನಮ್ಮಲ್ಲಿದ್ದದ್ದು ಒಂದೇ ದಿನ. ಅದರ ಮರುದಿನ ನಸುಕಿನಲ್ಲೇ ಕೊಯಿಂಬ್ರಾಕ್ಕೆ ರೈಲು. ಅಲ್ಲಿಯ ವಿಶ್ವವಿದ್ಯಾಲಯದ ಪುರಾತನ ಗ್ರಂಥಾಲಯವನ್ನು ನೋಡುವುದು ನನ್ನೊಬ್ಬಳ ಆಸೆ. ಉಳಿದವರು ನನ್ನ ಮೋರೆ ನೋಡಿ ಒಪ್ಪಿದ್ದರು. ಅಲ್ಲಿಂದ ಬಂದ ಮೇಲೆ ಸ್ಪೇನಿನ ವಿಮಾನ. ನವೆಂಬರಿನಲ್ಲಿ ಆ ದೇಶದಲ್ಲಿ ಐದು ಹೊಡೆದ ಸ್ವಲ್ಪ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಆದ್ದರಿಂದ ನಡುಹಗಲಿನ ಬೆಳಕು ಅಂಗಳಕ್ಕೆ ಇಳಿಯುವ ಹೊತ್ತಿನಲ್ಲಿ ಅವಳು ಆ ಗೋಡೆಯ ಮುಂದೆ ನಿಂತಿರಬೇಕು. ಇಷ್ಟೇ. ಇದನ್ನು ನಾನು ಬಳ್ಳಾರಿಯಲ್ಲಿ ಹೇಳಿದ್ದೆ, ವಿಮಾನ ನಿಲ್ದಾಣದಲ್ಲಿ ಹೇಳಿದ್ದೆ, ಹೋಟೆಲಿನಲ್ಲಿ ಚೀಲ ಇಳಿಸುವ ಮುನ್ನ ಮತ್ತೊಮ್ಮೆ ಹೇಳಿದ್ದೆ. ಮೂವರೂ ತಲೆಯಾಡಿಸಿದ್ದರು. ಹಿಂದಿನ ಬೆಂಚಿನ ವಿದ್ಯಾರ್ಥಿಗಳು ತಲೆಯಾಡಿಸುವ ರೀತಿ ಯಾವುದೆಂದು ನನಗೆ ತಿಳಿಯದ್ದೇನಲ್ಲ, ಆದರೂ ನಂಬಿದೆ.

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲ ಬಳಿ ನಾನೊಬ್ಬಳೇ ನಿಂತಿದ್ದೆ. ಕುರುಗೋಡಿನವಳು ಪೂಜೆಗೆ ಕುಳಿತಿರಲಿಲ್ಲ. ಕುಳಿತುಕೊಳ್ಳಲು ಬೇಕಾದ ಹೂವನ್ನು ಹುಡುಕಿಕೊಂಡು ಕೆಳಗಿಳಿದಿದ್ದಳು. ಸ್ವಾಗತದ ಮೇಜಿನ ಮೇಲಿದ್ದ ಹೂದಾನಿಯಿಂದ ಒಂದು ಹೂವು ಕೊಡೆಂದು ಅಲ್ಲಿದ್ದ ಹುಡುಗಿಯನ್ನು ಕೇಳಿದಳಂತೆ. ಹುಡುಗಿ ಮೂರು ಕೊಟ್ಟಳಂತೆ. ಮೂರು ಕೊಟ್ಟ ಮೇಲೆ ಅವಳ ಹೆಸರು, ತಾಯಿತಂದೆ, ಮದುವೆಯ ವಿಚಾರಗಳನ್ನು ಕೇಳದೆ ಬರುವುದು ಹೇಗೆ?

“ನಿನಗ ಪೋರ್ಚುಗೀಸ್ ಬರಲ್ಲ, ಆಕಿಗೆ ಕನ್ನಡ ಬರಲ್ಲ. ಅರ್ಧ ತಾಸು ಏನು ಮಾತಾಡಿದಿ?” ಎಂದು ಕೇಳಿದೆ.

“ಎಲ್ಲಾ ಮಾತಾಡಿದಿವಿ. ಪಾಪ, ಆಕಿ ಅವ್ವಗೂ ಮಂಡಿನೋವಂತ.”

ಆಮೇಲೆ ಸ್ನಾನ, ಆಮೇಲೆ ಪೂಜೆ. ಪೂಜೆಗೆ ನಾನು ಅವಸರಪಡಿಸುವವಳಲ್ಲ. ನಮ್ಮ ಮನೆಯಲ್ಲೂ ಅದೇ ಪದ್ಧತಿ. ಪೂಜೆ ಮುಗಿದ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಬಿಚ್ಚಿದರು. ಹೋಟೆಲಿನವರು ಉಪಾಹಾರ ಕೊಡುತ್ತಾರೆ ಎಂದರೆ ಕೇಳುವವರಿಲ್ಲ. ಹೊರಗೆ ಕಾಲಿಟ್ಟಾಗ ಹನ್ನೊಂದು ದಾಟಿತ್ತು. ಬೀದಿಯಲ್ಲಿ ಸಿರುಗುಪ್ಪದವಳು ಪ್ರತಿ ಬಾಗಿಲಿನ ಮುಂದೆಯೂ ನಿಂತು ಫೋಟೊ ತೆಗೆಸಿಕೊಂಡಳು. ಹಸಿರು ಬಾಗಿಲು, ಕೆಂಪು ಬಾಗಿಲು, ಬಣ್ಣವೇ ಇಲ್ಲದ ಬಾಗಿಲು. ನಾನು ಕೌಲ್ ಬಜಾರಿನವಳ ಮೊಳಕೈ ಹಿಡಿದುಕೊಂಡು ಕಲ್ಲುಹಾಸಿನ ಇಳಿಜಾರಿನಲ್ಲಿ ಹೆಜ್ಜೆಹೆಜ್ಜೆಗೂ ಮೆಟ್ಟಿಲು, ಕಂಬ, ತಗ್ಗು ಎಂದು ಹೇಳುತ್ತಿದ್ದೆ. ಒಬ್ಬರಾದರೂ ಹೊತ್ತಿನ ಕಡೆಗೆ ನೋಡಬೇಕಲ್ಲವೇ?

ಗುಡ್ಡದ ಮಠಕ್ಕೆ ಹೋಗುವುದು ಒಂದು ಹಳೆಯ ಹಳದಿ ಟ್ರಾಮು. ಮರದ ಮೈ, ಮರದ ಆಸನ, ಕೆಳಕ್ಕೆ ಜಾರಿಸುವ ಕಿಟಕಿಗಳು. ಅದು ಹೊರಡುವ ಚೌಕಕ್ಕೆ ನಾವು ಬಂದಾಗ ಸಾಲು ಉದ್ಯಾನದ ಮೂಲೆಯವರೆಗೂ ಬೆಳೆದಿತ್ತು. ನಾನು ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದೆ. ಸಾಲು ನಿಧಾನವಾಗಿ ಸರಿಯುತ್ತಿತ್ತು. ಒಂದು ಟ್ರಾಮು ಬರುವುದು, ತುಂಬುವುದು, ಹೋಗುವುದು. ಕಾಯುವ ಹೊತ್ತಿನಲ್ಲಿ ಸಿರುಗುಪ್ಪದವಳು ಮತ್ತೆ ಫೋನು ಎತ್ತಿದಳು.

“ಕನ್ನಡಕ ತಗೀಲೇ,” ಎಂದು ಕೌಲ್ ಬಜಾರಿನವಳಿಗೆ ಹೇಳಿದಳು. “ಫೋಟೋದಾಗ ವಿಲನ್ ಕಂಡಂಗ ಕಾಣ್ತಿ.”

“ವಿಲನ್ನೇ ಅದೀನಿ, ಹಂಗೇ ಹೊಡಿ.”

“ನಿನ್ನ ಗಂಡ ನೋಡಿ ಹೆದರ್ತಾನ. ತಗಿ.”

ಅವಳು ನಗುತ್ತ ಕನ್ನಡಕ ತೆಗೆದು ತನ್ನ ಚೀಲದೊಳಗೆ ಇಟ್ಟಳು. ಜೀನ್ಸ್ ತುಂಡುಗಳನ್ನು ಜೋಡಿಸಿ ತಾನೇ ಹೊಲಿದ ಗಟ್ಟಿ ಚೀಲ. ಫೋಟೊ ಆಯಿತು. ಆಮೇಲೆ ಚೀಲದ ಭಾರಕ್ಕೆ ಅವಳ ಹೆಗಲು ಬಾಗಿದ್ದು ಕಂಡು ಸಿರುಗುಪ್ಪದವಳು, ಕೊಡು ಇಲ್ಲಿ, ನಾನು ಹಿಡಕೋತೀನಿ ಎಂದು ಅದನ್ನು ತೆಗೆದುಕೊಂಡಳು. ಇಷ್ಟನ್ನು ನಾನು ಕಣ್ಣಾರೆ ನೋಡಿದೆ. ಇದರಿಂದ ಮುಂದೇನಾಗಬಹುದೆಂದು ಊಹಿಸುವ ಶಕ್ತಿ ಮನುಷ್ಯಮಾತ್ರರಿಗಿಲ್ಲ.

ನಮ್ಮ ಸರದಿ ಸಮೀಪಿಸಿತು. ಖಾಲಿ ಟ್ರಾಮೊಂದು ಬಂದು ನಿಂತಿತು; ಚಾಲಕ ಮುಂದಿನ ಬಾಗಿಲು ತೆರೆದು ಒಬ್ಬೊಬ್ಬರನ್ನೇ ಹತ್ತಿಸಿಕೊಳ್ಳತೊಡಗಿದ. ಆಗ ಸಿರುಗುಪ್ಪದವಳು ಸಾಲಿನಲ್ಲಿರಲಿಲ್ಲ. ಟ್ರಾಮಿನ ಆ ಬದಿಗೆ ಹೋಗಿದ್ದಳು. ಮತ್ತೊಂದು ಫೋಟೊ ಇರಬೇಕೆಂದುಕೊಂಡೆ. ಮರಳಿ ಬಂದವಳ ಮುಖದಲ್ಲಿ ತೃಪ್ತಿ ತುಳುಕುತ್ತಿತ್ತು; ಕೈಗಳು ಬರಿದಾಗಿದ್ದವು.

“ಆರಾಮಾಗಿ ಬರ್ರಿ,” ಎಂದಳು. “ಸೀಟು ಹಿಡದೀನಿ.”

ನಮ್ಮ ಕಡೆಯ ಬಸ್ ನಿಲ್ದಾಣಗಳನ್ನು ಕಾಣದವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸು ನಿಲ್ದಾಣದೊಳಕ್ಕೆ ತಿರುಗುತ್ತಿದ್ದಂತೆಯೇ ಜನ ಬಾಗಿಲಿಗೆ ಓಡುವುದಿಲ್ಲ, ಕಿಟಕಿಗೆ ಓಡುತ್ತಾರೆ. ಟವೆಲ್ಲು, ಕರವಸ್ತ್ರ, ಪುಸ್ತಕ, ಕೆಲವೊಮ್ಮೆ ಕೂಸನ್ನು ಸಹ ಕಿಟಕಿಯಿಂದ ಆಸನದ ಮೇಲಿಡುತ್ತಾರೆ. ಇಟ್ಟ ಮೇಲೆ ಆ ಆಸನ ಅವರದು. ನಿಂತು ಪ್ರಯಾಣಿಸುವವರೂ ಆ ಟವೆಲ್ಲನ್ನು ಸರಿಸಿ ಕೂರುವುದಿಲ್ಲ. ಕೂತರೆ ಊರು ಬರುವತನಕ ಜಗಳ. ಕಾಲೇಜಿನ ದಿನಗಳಲ್ಲಿ ನಾವು ನಾಲ್ವರೂ ಕೆಂಚನಗುಡ್ಡದ ಹೊಳೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋದಾಗಲೆಲ್ಲ ಕುಳಿತೇ ಪ್ರಯಾಣ ಮಾಡಿದ್ದು ಇವಳ ಎಸೆತದ ಗುರಿಯಿಂದ. ಆದರೆ ಅಲ್ಲಿ ಸಾಲು ಎಂಬುದಿಲ್ಲ. ಚೀಲ ಹಾಕಿದವರು ಹೇಗಾದರೂ ಒಳಗೆ ಹೋಗಿಯೇ ಹೋಗುತ್ತಾರೆ. ಇಲ್ಲಿ ಸಾಲಿತ್ತು. ಚಾಲಕ ತಲೆಗಳನ್ನೆಣಿಸಿ, ನಮಗಿಂತ ಮುಂದಿದ್ದ ದಂಪತಿಗಳನ್ನು ಹತ್ತಿಸಿಕೊಂಡು, ನನ್ನತ್ತ ವಿನಯದಿಂದ ಕೈ ಅಡ್ಡಮಾಡಿ, ಬಾಗಿಲು ಮುಚ್ಚಿದ.

“ಏ ನಿಲ್ರೀ!” ಎಂದು ಸಿರುಗುಪ್ಪದವಳು ಟ್ರಾಮಿನ ಮೈಮೇಲೆ ಅಂಗೈಯಿಂದ ಬಡಿಯುತ್ತ ಓಡಿದಳು. “ನಮ್ಮ ಸೀಟು ಐತ್ರಿ ಒಳಗ! ಚೀಲ ಹಾಕೀವ್ರಿ! ಆಪಂಡಿ!”

ಟ್ರಾಮು ಗಂಟೆ ಬಾರಿಸಿ ತಿರುವಿನಲ್ಲಿ ಏರತೊಡಗಿತು. ಕಿಟಕಿಯ ಪಕ್ಕದಲ್ಲಿ ನೀಲಿಯ ಚೀಲ ನೆಟ್ಟಗೆ ಕುಳಿತಿತ್ತು. ಅದರ ಪಕ್ಕ ಟೋಪಿ ತೊಟ್ಟ ವೃದ್ಧೆಯೊಬ್ಬರು ಅದಕ್ಕೆ ತಾಗದಂತೆ ಮುದುಡಿಕೊಂಡು ಕುಳಿತಿದ್ದರು.

“ಎಲ್ಲಿಯ ಚೀಲ?” ಎಂದಳು ಕೌಲ್ ಬಜಾರಿನವಳು. “ನಂದೇನು?”

“ನಿಂದೇ. ಕರ್ಚೀಫ್ ಹಾಕಿದ್ರ ಗಾಳಿಗೆ ಹಾರ್ತೈತಿ ಅಂತ ಚೀಲ ಹಾಕಿದೆ. ಏನೂ ಆಗಲ್ಲ, ಏಮಿ ಕಾದು ಬಿಡಲೇ, ಪಾಸ್‌ಪೋರ್ಟು, ಫೋನು ಎಲ್ಲಾ ನಿನ್ನ ಸೊಂಟದ ಪಾಕೀಟಿನಾಗ ಅದಾವಲ್ಲ.”

“ನನ್ನ ಕನ್ನಡಕ ಅದರಾಗ ಐತಿ.”

ಸಿರುಗುಪ್ಪದವಳು ಟ್ರಾಮು ಹೋದ ತಿರುವಿನ ಕಡೆಗೆ ನೋಡಿದಳು.

“ಹೋದ ಬಸ್ಸು ತಿರುಗಿ ಬರಂಗಿಲ್ಲೇನು?” ಎಂದಳು. “ತೆಕ್ಕಲಕೋಟಿಗೆ ಹೋದದ್ದು ತೆಕ್ಕಲಕೋಟ್ಯಾಗ ಉಳೀತೈತೇನು?”

ಚೌಕದಲ್ಲಿ ಟ್ರಾಮುಗಳ ಓಡಾಟ ನೋಡಿಕೊಳ್ಳುವ ಸಮವಸ್ತ್ರದ ಹೆಂಗಸೊಬ್ಬರಿದ್ದರು. ನಾನು ಅವರ ಬಳಿಗೆ ಹೋಗಿ, ನಮ್ಮ ಚೀಲವೊಂದು ನಮ್ಮ ಅಜಾಗರೂಕತೆಯಿಂದ ನಾವಿಲ್ಲದೆಯೇ ಪ್ರಯಾಣ ಬೆಳೆಸಿದೆಯೆಂಬುದನ್ನು ಇಂಗ್ಲಿಷಿನಲ್ಲಿ, ಕರ್ತೃ, ಕರ್ಮ, ಕ್ರಿಯೆಗಳಿಗೆ ಲೋಪ ಬಾರದಂತೆ ತಿಳಿಸಿದೆ. ಅವರು ಗೌರವದಿಂದ ಕೇಳಿ, ಏನೂ ಅರ್ಥವಾಗದೆ ನಿಂತರು. ಸಿರುಗುಪ್ಪದವಳು ನನ್ನನ್ನು ಭುಜದಿಂದ ಸರಿಸಿ ಮುಂದೆ ಬಂದಳು. ಬೆರಳುಗಳನ್ನು ಸುತ್ತಿ ಕಣ್ಣಿಗಿಟ್ಟು ಕನ್ನಡಕ ತೋರಿಸಿದಳು, ಗೆಳತಿಯ ಕಣ್ಣು ತೋರಿಸಿ ಕೈ ಅಲ್ಲಾಡಿಸಿದಳು, ಹೆಗಲಿನ ಚೀಲ ತೋರಿಸಿದಳು, ಕಿಟಕಿ ಬರೆದಳು, ಎಸೆದಳು, ಟ್ರಾಮಿನ ಗಂಟೆಯನ್ನು ಬಾಯಿಂದ ಬಾರಿಸಿದಳು. ಆ ಹೆಂಗಸಿಗೆ ಎಲ್ಲವೂ ತಿಳಿಯಿತು, ಒಂದನ್ನು ಬಿಟ್ಟು. ಅದನ್ನವರು ನನ್ನನ್ನು ಕೇಳಿದರು: ಹಾಕಿದ್ದೇಕೆ? ನಮ್ಮ ಜಿಲ್ಲೆಯ ಸಮಸ್ತ ಬಸ್ ನಿಲ್ದಾಣಗಳ ಪರವಾಗಿ ನಾನೊಬ್ಬಳು ಏನೆಂದು ವಕಾಲತ್ತು ವಹಿಸಲಿ?

ಅವರು ಫೋನು ಮಾಡಿ ಚಾಲಕನೊಡನೆ ಮಾತನಾಡಿದರು. ಚೀಲವನ್ನು ಚಾಲಕ ತನ್ನ ಪಕ್ಕದಲ್ಲಿರಿಸಿಕೊಂಡಿದ್ದಾನೆ, ಆದರೆ ಟ್ರಾಮು ಊರಿನ ಆ ತುದಿ ಮುಟ್ಟಿಯೇ ಬರಬೇಕು. ಎರಡು ತಾಸಾದರೂ ಹಿಡಿಯುತ್ತದೆ. ಬೇರೆ ದಾರಿ ಇತ್ತೇ ಎಂದು ಯೋಚಿಸಿದೆ. ಮಠಕ್ಕೆ ನಡೆದುಹೋಗಬಹುದು, ಕನ್ನಡಕವಿಲ್ಲದೆ ಅಲ್ಲಿ ಅವಳು ನೋಡುವುದೇನನ್ನು? ನಾನೊಬ್ಬಳೇ ಮುಂದಿನ ಟ್ರಾಮು ಹತ್ತಿ ಬೆನ್ನಟ್ಟಬಹುದು. ಹಿಂದಿನ ಟ್ರಾಮು ಮುಂದಿನದನ್ನು ಹಳಿಯ ಮೇಲೆ ದಾಟಿ ಹೋಗುವುದಿಲ್ಲ. ಕಾಯುವುದೊಂದೇ ಉಳಿದದ್ದು.

ನನ್ನ ಗೆಳತಿಯರು ಕಾದದ್ದು ಹೇಗೆಂದು ಹೇಳುತ್ತೇನೆ. ಚೌಕದ ಕಟ್ಟೆಯ ಮೇಲೆ ಕುರುಗೋಡಿನವಳು ಟವೆಲ್ಲು ಹಾಸಿ ಉಳಿದ ರೊಟ್ಟಿ ಬಿಚ್ಚಿದಳು. ಸಿರುಗುಪ್ಪದವಳು ದಾರಿಹೋಕರ ನಡಿಗೆಯನ್ನು ನೋಡಿ ಯಾರು ಗಂಡಹೆಂಡಿರು, ಯಾರು ಅಲ್ಲ ಎಂದು ನಿರ್ಣಯಿಸುತ್ತಿದ್ದಳು. ಕೌಲ್ ಬಜಾರಿನವಳು ಏನೂ ಕಾಣದೆ ಕುಳಿತು ಅವಳ ಪ್ರತಿ ನಿರ್ಣಯಕ್ಕೂ ನಗುತ್ತಿದ್ದಳು. ನೆರಳುಗಳು ಚೌಕದ ಅರ್ಧವನ್ನು ದಾಟಿದವು. ನನಗೆ ತಡೆಯಲಾಗಲಿಲ್ಲ.

“ಹಿಂಗ ನಗ್ಕೋತ ಕೂಡ್ರಿ ಮೂರೂ ಮಂದಿ,” ಎಂದೆ. “ಹೊತ್ತು ಇಳಿಯಾಕತ್ತೈತಿ. ಅಲ್ಲಿ ಕತ್ತಲಾತಂದ್ರ ಏನು ನೋಡ್ತಿ? ನಿನ್ನ ಕಣ್ಣು ಅವು! ನಿನಗರ ಸ್ವಲ್ಪ ಕಾಳಜಿ ಬ್ಯಾಡೇನು?”

ಅವಳು ಬಾಯಲ್ಲಿದ್ದ ತುತ್ತನ್ನು ನುಂಗಿದಳು.

“ಕಣ್ಣು ನನ್ನವು,” ಎಂದಳು. “ಸಿಟ್ಟು ಯಾಕ ನಿಂದು?”

“ಸಿಟ್ಟಲ್ಲ. ಹೊತ್ತು…”

“ಬೆಳಿಗ್ಗಿಂದ ಬರೇ ಹೊತ್ತು, ಹೊತ್ತು. ಮೆಟ್ಟಲ ಐತಿ, ಕಂಬ ಐತಿ, ಕಾಲೆತ್ತು, ಕಾಲಿಳಿಸು. ನನಗ ಕಾಣೂದೇ ಇಷ್ಟಗಲ.” ಬಳೆಯಷ್ಟು ಅಗಲಕ್ಕೆ ಬೆರಳು ಸುತ್ತಿ ತೋರಿಸಿದಳು. “ಈ ಇಷ್ಟಗಲದಾಗ ಬೆಳಿಗ್ಗಿಂದ ಏನು ಕಂಡೀನಿ ಗೊತ್ತೇನು? ನಿನ್ನ ಗಂಟು ಹಾಕಿದ ಹುಬ್ಬು. ಅದನ್ನ ನೋಡಾಕ ವಿಮಾನ ಹತ್ತಬೇಕಿತ್ತೇನಲೇ? ಪಾರ್ವತಿನಗರಕ್ಕ ಆಟೋದಾಗ ಬಂದ್ರ ದಿನಾ ಕಾಣ್ತಿತ್ತು.”

ಸಿರುಗುಪ್ಪದವಳು ಬಿದ್ದು ಬಿದ್ದು ನಕ್ಕಳು. ಕುರುಗೋಡಿನವಳಿಗೆ ಚಟ್ನಿಪುಡಿ ನೆತ್ತಿಗೇರಿ ಕೆಮ್ಮು ಬಂದಿತು. ನನಗೆ ನಗು ಬರಲಿಲ್ಲ. ಎಲ್ಲರಿಗಾಗಿ ಎಚ್ಚರವಿದ್ದವಳೊಬ್ಬಳೇ ಅಪರಾಧಿಯಾಗುವ ಈ ನ್ಯಾಯ ನನಗೆ ಶಾಲೆಯ ಸಿಬ್ಬಂದಿ ಕೊಠಡಿಯಿಂದಲೇ ಪರಿಚಿತ. ಎದ್ದು, ಅವಳ ಎದುರಿನ ಜಾಗ ಬಿಟ್ಟು, ಅವಳ ಪಕ್ಕಕ್ಕೆ ಹೋಗಿ ಕುಳಿತೆ. ಪಕ್ಕದಲ್ಲಿದ್ದರೆ ನಾನವಳಿಗೆ ಕಾಣುವುದಿಲ್ಲ. ಅವಳು ರೊಟ್ಟಿಯ ಒಂದು ತುಂಡನ್ನು ಅಂದಾಜಿನ ಮೇಲೆ ನನ್ನ ಕಡೆಗೆ ಚಾಚಿದಳು. ಹಸಿವಾಗಿತ್ತು, ತಿಂದೆ.

ಟ್ರಾಮು ಬಂದದ್ದು ನಾಲ್ಕಾಗುವ ಹೊತ್ತಿಗೆ. ಚಾಲಕ ಇಳಿದು ಬಂದು, ಕೂಸನ್ನು ತಾಯಿಗೆ ಒಪ್ಪಿಸುವವನಂತೆ ಚೀಲವನ್ನು ಎರಡೂ ಕೈಗಳಿಂದ ಕೊಟ್ಟ. ಸಮವಸ್ತ್ರದ ಹೆಂಗಸು ನಮ್ಮನ್ನು ಸಾಲಿನ ಮುಂಚೂಣಿಗೆ ಕರೆದೊಯ್ದು ಎಲ್ಲರಿಗಿಂತ ಮೊದಲು ಹತ್ತಿಸಿದರು. ಸಿರುಗುಪ್ಪದವಳು ಕಿಟಕಿಯ ಪಕ್ಕ ಕುಳಿತು, ಸೆರಗು ಸರಿಪಡಿಸಿಕೊಂಡು, ನನ್ನ ಕಡೆಗೆ ತಿರುಗಿದಳು.

“ನೋಡು ಟೀಚರಮ್ಮ,” ಎಂದಳು. “ಸೀಟು ಸಿಕ್ತೋ ಇಲ್ಲೋ?”

ನಾನು ಗಡಿಯಾರ ನೋಡಿದೆ.

ಮಠದ ಟಿಕೆಟ್ ಕಿಟಕಿಯಲ್ಲಿದ್ದವರು ಗಡಿಯಾರ ನೋಡಿ, ನಮ್ಮನ್ನು ನೋಡಿ, ಬೇಗ ಎಂದು ಸನ್ನೆ ಮಾಡಿದರು. ಒಳಗೆ ನಾವಲ್ಲದೆ ಬೇರಾರೂ ಇದ್ದಂತಿರಲಿಲ್ಲ. ಅಂಗಳದ ಮೇಲಿನ ಆಕಾಶದಲ್ಲಿ ಇನ್ನೂ ಬೆಳಕಿತ್ತು, ಆದರೆ ಅದು ಆಕಾಶದಲ್ಲೇ ನಿಂತಿತ್ತು. ಪಡಸಾಲೆಯೊಳಗೆ ಬೂದಿ ಎರಚಿದಂಥ ಮಬ್ಬು. ನನಗೆ ಗೋಡೆ ಕಾಣುತ್ತಿತ್ತು. ಮರಗಳು, ಮೋಡಗಳು, ಮೃಗಗಳು, ಎದೆಯೆತ್ತರದವರೆಗೂ ನೀಲಿ. ಅವಳನ್ನು ಅದರ ಮುಂದೆ ತಂದು ನಿಲ್ಲಿಸಿದೆ. ಅವಳು ಕನ್ನಡಕ ಸರಿಪಡಿಸಿಕೊಂಡಳು, ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು.

“ಗೋಡಿ ಎಲ್ಲೈತಿ?” ಎಂದಳು.

ಬೆಳಗಿನಿಂದ ನಾನು ಹೇಳಿದ್ದೆಲ್ಲ ಸರಿಯಾಗಿತ್ತು. ಸರಿಯಾಗಿದ್ದುದರಿಂದ ಯಾವ ಪ್ರಯೋಜನವೂ ಆಗಲಿಲ್ಲ. ಅಷ್ಟರಲ್ಲಿ ಸಿರುಗುಪ್ಪದವಳು ಫೋನಿನ ಟಾರ್ಚು ಹೊತ್ತಿಸಿ ಗೋಡೆಗೆ ಹಿಡಿದಳು.

“ಇಲ್ಲಿ ಫ್ಲಾಶ್ ಹಾಕಬಾರದಂತ ಬರದಾರ,” ಎಂದೆ.

“ಫೋಟೋ ಹೊಡಿಯಾಕತ್ತಿಲ್ಲಲೇ. ದೀಪ ಹಿಡದೀನಿ.”

“ಹಂಗ ನೆಟ್ಟಗ ಬ್ಯಾಡ, ಕಣ್ಣಿಗೆ ಹೊಡೀತೈತಿ,” ಎಂದಳು ಕೌಲ್ ಬಜಾರಿನವಳು. “ಓರಿ ಮಾಡಿ ಹಿಡಿ. ಇನ್ನೂ ಕೆಳಗ. ಹಾಂ, ಹಾಂ. ನಿಲ್ಲಿಸು.”

ಟಾರ್ಚಿನ ಬೆಳಕು ಗೋಡೆಯ ಮೇಲೆ ಒಂದು ತಟ್ಟೆಯಷ್ಟಗಲ ಬಿದ್ದಿತ್ತು. ಅವಳಿಗೆ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ. ಆ ವೃತ್ತದೊಳಕ್ಕೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು.

“ಕೊಂಬು,” ಎಂದಳು. “ಕೊಂಬಲ್ಲೇನು ಇದು?”

“ಹೌದು. ಇದು ಒಂದು ಕಥೆ, ಇಲ್ಲಿಂದ ಮೊದಲಾಗ್ತೈತಿ. ಈ ಆಡು…” ಎಂದೆ.

“ಹೇಳಬ್ಯಾಡಲೇ! ನಾನೇ ಹುಡುಕ್ತೀನಿ. ಲೈಟು ಕೆಳಗ ತಗೋ.”

ಹೀಗೆ ನಾವು ನೋಡಿದೆವು. ಸಿರುಗುಪ್ಪದವಳು ಬೆಳಕು ಹಿಡಿಯುವುದು, ಅವಳ ಫೋನು ಬಿಸಿಯಾದಾಗ ಕುರುಗೋಡಿನವಳು ಹಿಡಿಯುವುದು, ಕೌಲ್ ಬಜಾರಿನವಳು ತಟ್ಟೆಯಿಂದ ತಟ್ಟೆಗೆ ಸರಿಯುವುದು. ಕೊಂಬಿನಿಂದ ಕಿವಿ, ಕಿವಿಯಿಂದ ಗಡ್ಡ, ಗಡ್ಡದಿಂದ ಕಲ್ಲಿನ ಕಟ್ಟೆ. ಆಡು ಒಂದು ಬಾವಿಯೊಳಗಿದೆಯೆಂದು ಅವಳು ಕಂಡುಹಿಡಿಯಲು ಹಿಡಿದ ಕಾಲದಲ್ಲಿ ನಾನು ಇಡೀ ಪಡಸಾಲೆಯನ್ನು ಕ್ರಮವಾಗಿ ತೋರಿಸಿ ಮುಗಿಸುತ್ತಿದ್ದೆ. ಅವಳು ಕ್ರಮ ಕೇಳಲಿಲ್ಲ. ಒಂದು ಎಲೆಯ ಅಂಚಿನಲ್ಲಿ ಗಾಢವಾಗಿದ್ದ ನೀಲಿ ಎಲೆಯ ನಡುವಿಗೆ ಬರುತ್ತ ತೆಳುವಾಗುವುದನ್ನು ಮತ್ತೆ ಮತ್ತೆ ನೋಡಿದಳು. “ಹೌದಲೇ, ಇದು ಹೋಗಂಗಿಲ್ಲ,” ಎಂದು ಗೋಡೆಗೇ ಹೇಳಿದಳು.

ಕಾವಲುಗಾರ ಬಂದ. ನಾನು ಇಂಗ್ಲಿಷ್ ವಾಕ್ಯವೊಂದನ್ನು ಜೋಡಿಸಿಕೊಳ್ಳುತ್ತಿದ್ದೆ. ಅವನು ಮೊದಲು ಟಾರ್ಚನ್ನು ನೋಡಿದ, ಆಮೇಲೆ ಗೋಡೆಯ ಪಕ್ಕದ ಕಂಬವನ್ನು ತಡವಿ ಹುಡುಕುತ್ತಿದ್ದ ಅವಳ ಕೈಯನ್ನು ನೋಡಿದ, ಪಡಸಾಲೆಯ ಆ ತುದಿಗೆ ನಡೆದುಹೋದ. ಅಲ್ಲಿಯ ಬಾಗಿಲುಗಳನ್ನು ಒಂದೊಂದಾಗಿ ಹಾಕತೊಡಗಿದ. ಬೇರೆಲ್ಲ ಬಾಗಿಲುಗಳನ್ನು ಹಾಕಿದ ಮೇಲೆಯೇ ನಮ್ಮ ಬಳಿಗೆ ಬಂದು ಕೀಲಿಗೊಂಚಲನ್ನು ತೋರಿಸಿದ.

ಹೊರಗೆ ಪೂರ್ತಿ ಕತ್ತಲಾಗಿತ್ತು. ಅವಳು ಎರಡೂ ಕೈಗಳಿಂದ ನನ್ನ ತೋಳನ್ನು ಹಿಡಿದಿದ್ದಳು. ಮಠದ ಹೊರಗೋಡೆಯ ದೀಪದ ಕೆಳಗೆ ನಿಂತೆವು.

“ಬಾವಿಯಾಗಿನ ಆಡು ಮ್ಯಾಲ ಬರ್ತೈತೇನಲೇ?” ಎಂದಳು.

“ಮೇಲೆ ಒಂದು ನರಿ ಐತಿ. ಅದು…”

“ಬ್ಯಾಡ, ಬ್ಯಾಡ. ನರಿ ನಾನಿನ್ನೂ ನೋಡಿಲ್ಲ.” ಆಮೇಲೆ ಕೇಳಿದಳು, “ನಾಳಿ ರೈಲು ಎಷ್ಟೊತ್ತಿಗೆ?”

ಅವಳ ದನಿಯಲ್ಲಿ ಬೇಡಿಕೆಯಿರಲಿಲ್ಲ, ಇದ್ದಿದ್ದರೆ ನಿರಾಕರಿಸಬಹುದಾಗಿತ್ತು. ಉಳಿದಿಬ್ಬರೂ ತಮಗೆ ಸಂಬಂಧವಿಲ್ಲವೆಂಬಂತೆ ಕೆಳಗಿನ ನದಿಯ ದೀಪಗಳನ್ನು ನೋಡುತ್ತಿದ್ದರು. ನಾನು ಫೋನು ತೆಗೆದು, ಆರು ತಿಂಗಳು ಮೊದಲೇ ಗೊತ್ತುಮಾಡಿಟ್ಟಿದ್ದ ಗ್ರಂಥಾಲಯದ ಪ್ರವೇಶವನ್ನೂ ನಾಲ್ಕು ರೈಲು ಟಿಕೆಟುಗಳನ್ನೂ ಹುಡುಕಿದೆ.

“ನಾಳೆ ಇಲ್ಲಿಯ ಬಾಗಿಲು ತೆಗೆಯೋ ಹೊತ್ತಿಗೆ ಎಲ್ಲರೂ ಇಲ್ಲಿರಬೇಕು,” ಎಂದೆ. “ಯಾರರ ತಡ ಮಾಡಿದ್ರ ಬಿಟ್ಟು ಬರ್ತೀನಿ. ಹೇಳೀನಿ.”

“ನಿನ್ನ ಪುಸ್ತಕದ ಮನಿ?”

“ಸುಮ್ನಿರು. ಒತ್ತಾಕತ್ತೀನಿ.”

ರದ್ದುಮಾಡುವ ಗುಂಡಿ ಒತ್ತಿದೆ. ಫೋನು ಸಣ್ಣಗೆ ಸದ್ದು ಮಾಡಿತು. ಅವಳು ಆ ಸದ್ದಿನ ಕಡೆಗೆ ಮುಖ ತಿರುಗಿಸಿದಳು.

“ಏನಂತದು?”

“ಖಾತ್ರಿ ಐತೇನು ಅಂತ ಕೇಳ್ತೈತಿ.”

“ನೀ ಏನಂದಿ?”

“ಹೌದಂದೆ,” ಎಂದೆ. “ಇನ್ನೇನನ್ನಲಿ?”